ಒಂದೇ ಅಂಕದವರಿಗೆ ಒಂದೇ ಮಾತು ಹೇಳಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತಿಪಟೂರು ಕಡೆಯ ನಮ್ಮ ಶೆಟ್ಟಿಕೆರೆಯ ಹೋಟೆಲು, ಕಟಿಂಗ್ ಷಾಪು, ಬಸ್ ನಿಲ್ದಾಣ ಎಲ್ಲವೂ ಉಚಿತ ಸಲಹಾ ಕೇಂದ್ರಗಳೇ. 85ರ ಮೇಲೆ ಬಂದಿದ್ದರೆ ಸೈನ್ಸು, 60ರ ಮೇಲಿದ್ದರೆ ಕಾಮರ್ಸು, ಕೆಳಗಿನವರಿಗೆ ಆರ್ಟ್ಸೋ ಐಟಿಐಯೋ. ಶಾಲೆಗಳಲ್ಲಿ ನಾವು ನಡೆಸುವ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮದಲ್ಲೂ ಹೇಳುವುದು ಹೆಚ್ಚುಕಡಿಮೆ ಇದನ್ನೇ, ಪ್ರೊಜೆಕ್ಟರ್ ಒಂದು ಹೆಚ್ಚು. ಈ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಜತೆ ‘ಮುಂದೇನು’ ಎಂಬ ಪ್ರಶ್ನೆಯನ್ನೂ ಮೈಮೇಲೆ ಹಾಕಿಕೊಂಡವನು ನಾನು. ಹೊಸದಾಗಿ ಈ ಕೆಲಸ ಹೊರುವ ಮೇಷ್ಟ್ರು, ಟೀಚರುಗಳಿಗಾಗಿ ಬರೆಯುತ್ತಿದ್ದೇನೆ.

1. ಎಂಟನೇ ತರಗತಿಯಲ್ಲೇ ಶುರುಮಾಡಿ

ಹತ್ತನೇ ತರಗತಿ ಮುಗಿದ ಮೇಲೆ ಸಲಹೆಗೆ ಉಳಿಯುವುದು ಅರ್ಧ ಜಾಗ ಮಾತ್ರ. ಒಂದಷ್ಟು ಬಾಗಿಲುಗಳು ಅಷ್ಟರಲ್ಲಿ ಸದ್ದಿಲ್ಲದೆ ಮುಚ್ಚಿರುತ್ತವೆ.

ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ, ಪೂರಾ ಹತ್ತು ವರ್ಷದ ಲೆಕ್ಕ ಬೇಕು. ಏಳರ ತನಕ ಊರಲ್ಲೇ ಓದಿದ ಮಗುವನ್ನು ಎಂಟಕ್ಕೆ ತಿಪಟೂರಿನ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಎರಡೂ ಕೈಬಿಟ್ಟವು. ಸೇರಿಸಲೇಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ; ಕೆಲವು ಮಕ್ಕಳಿಗೆ ಪೇಟೆಯ ಶಾಲೆಯೇ ಸರಿ. ಆದರೆ ಏನು ಕೊಟ್ಟು ಏನು ತರುತ್ತಿದ್ದೇವೆ ಎಂಬುದು ತಂದೆತಾಯಿಗೆ ಗೊತ್ತಿರಬೇಕು.

ಎಂಟರಲ್ಲೇ ಬರೆಯಬೇಕಾದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯೂ ಹಾಗೆಯೇ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯು ತನಕ ವರ್ಷಕ್ಕೆ 12,000 ರೂಪಾಯಿ. ಹತ್ತರ ನಂತರ ಡಿಪ್ಲೊಮಾ ಸೇರಿದರೆ ಅದು ನಿಲ್ಲುತ್ತದೆ. ಮನೆ ಖರ್ಚಿಗೆ ಆ ಹಣವನ್ನೇ ನೆಚ್ಚಿಕೊಂಡ ಹುಡುಗಿಗೆ ‘ಪಾಲಿಟೆಕ್ನಿಕ್ ಒಳ್ಳೇದಮ್ಮ’ ಎನ್ನುವ ಮೊದಲು 24,000 ರೂಪಾಯಿಯ ಬದಲಿ ದಾರಿಯನ್ನೂ ನಾವೇ ತೋರಿಸಬೇಕು.

2. ಅಟ್ಟ ನೋಡಿ ಮಾತಾಡಿ

ನಮ್ಮ ಸೀಮೆಯಲ್ಲಿ ಕಾಲೇಜಿನ ಫೀಜು ಇರುವುದು ಬ್ಯಾಂಕಿನಲ್ಲಿ ಅಲ್ಲ, ಅಟ್ಟದ ಮೇಲೆ. ಕಾಯಿ ಹತ್ತು ಹನ್ನೊಂದು ತಿಂಗಳು ಒಣಗಿ, ಉಂಡೆ ಕೊಬ್ಬರಿಯಾಗಿ, ತಿಪಟೂರು ಎಪಿಎಂಸಿಯ ಹರಾಜಿಗೆ ಹೋದ ಮೇಲೆಯೇ ಕೈಗೆ ಕಾಸು. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೇ ಹೊರಳಾಡಿತು, ರೈತರು ಬೀದಿಗಿಳಿದರು. 2025ರ ಮಳೆಗಾಲದಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ರೇಟು ಏರಿದ ವರ್ಷ ತುಮಕೂರು, ಮೂಡುಬಿದಿರೆಯ ವಸತಿ ಪಿಯು ಕಾಲೇಜುಗಳ ಹೆಸರು ಮನೆಮನೆಯಲ್ಲೂ ಕೇಳುತ್ತದೆ. ಇಳಿದ ವರ್ಷ ಅಷ್ಟೇ ಜಾಣ ಮಕ್ಕಳು ಹತ್ತಿರದ ಸರ್ಕಾರಿ ಕಾಲೇಜಿನ ಅರ್ಜಿ ತುಂಬುತ್ತಾರೆ.

ಆದ್ದರಿಂದ ಮೊದಲ ವರ್ಷದ ಫೀಜಿನ ಬಗ್ಗೆ ಮಾತ್ರ ಕೇಳಿ ಬಿಟ್ಟರೆ ಸಾಲದು. ‘ಎರಡನೇ ವರ್ಷ ರೇಟು ಬಿದ್ದರೆ?’ ಎಂದು ಕೇಳಿ. ತಂದೆ ಸುಮ್ಮನಾದರೆ, ಅರ್ಧದಲ್ಲಿ ಬಿಡಿಸುವಂತಾಗದ ದಾರಿ ಹುಡುಕಿ. 88 ಪರ್ಸೆಂಟು ತೆಗೆದ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬನ ಮನೆಗೆ ನೀರಿರುವ ಐದು ಎಕರೆ ತೋಟ. ಇನ್ನೊಬ್ಬಳ ತಾಯಿ ನಾರಿನ ಫ್ಯಾಕ್ಟರಿಯಲ್ಲಿ ಕೂಲಿ. ಇವರಿಬ್ಬರಿಗೂ ಒಂದೇ ಕರಪತ್ರ ಹಂಚಿದರೆ ಅದನ್ನು ಮಾರ್ಗದರ್ಶನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಬಡವರ ಮಗಳಿಗೆ ಚಿಕ್ಕ ಕನಸು ಹಂಚುವುದೂ ಅಲ್ಲ. ಅವಳಿಗೂ ವಿಜ್ಞಾನವೇ ಇರಲಿ. ಹಾಸ್ಟೆಲು, ವಿದ್ಯಾರ್ಥಿವೇತನ, ಸರ್ಕಾರಿ ಕಾಲೇಜು ಎಂದು ದಾರಿಖರ್ಚಿನ ಲೆಕ್ಕ ಬೇರೆಯದು ಹಾಕಿಕೊಡಬೇಕು, ಅಷ್ಟೆ.

3. ಬಸ್ಸಿನ ವೇಳಾಪಟ್ಟಿ ಜೇಬಿನಲ್ಲಿರಲಿ

2023ರ ಜೂನ್‌ನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ತಿಪಟೂರು ಹತ್ತಿರವಾಯಿತು, ಸರ್ಕಾರಿ ಬಸ್ಸು ಬರುವ ಊರಿನವರಿಗೆ. ಖಾಸಗಿ ಬಸ್ಸೇ ಗತಿಯಾದ ಹಳ್ಳಿಗೆ ಅದು ಅನ್ವಯಿಸದು. ಪ್ರಾಕ್ಟಿಕಲ್ ಮುಗಿಸಿ ಹೊರಟವಳಿಗೆ ಕೊನೆಯ ಬಸ್ಸು ತಪ್ಪಿದರೆ ಏನು ಮಾಡುತ್ತಾಳೆ ಎಂಬುದಕ್ಕೆ ಉತ್ತರವಿಲ್ಲದೆ ಅವಳಿಗೆ ಸೈನ್ಸ್ ಹೇಳಬೇಡಿ. ಉತ್ತರ ಸಿಕ್ಕರೆ ಬಿಡಲೂ ಬೇಡಿ.

4. ಐಟಿಐ ಎಂದರೆ ಅಲ್ಲಿಗೆ ಮುಗಿಯಿತು ಎಂದಲ್ಲ

ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಎರಡನೇ ವರ್ಷದ ಡಿಪ್ಲೊಮಾ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎರಡನೇ ವರ್ಷದ ಬಿಇ. ಪುಸ್ತಕದ ಮುಂದೆ ತೂಕಡಿಸುತ್ತ, ಕೆಟ್ಟ ಮೋಟರ್ ಕಂಡರೆ ಕಣ್ಣರಳಿಸುವ ಹುಡುಗನಿಗೆ ಇದೇ ರಾಜಮಾರ್ಗ. ಈ ದಾರಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸುವ ತನಕ ತಂದೆಯ ಮುಖ ಗಂಟಿಕ್ಕಿಕೊಂಡೇ ಇರುತ್ತದೆ: ‘ಐಟಿಐಗೆ ಹಾಕಕ್ಕೆ ಇಷ್ಟ್ ವರ್ಸ ಓದುಸ್ಬೇಕಿತ್ತಾ ಸಾ?’

ಆದರೆ ಟ್ರೇಡ್ ಯಾವುದು ಎಂಬುದನ್ನು ಹುಡುಗನ ಕೈ ನೋಡಿ ಹೇಳಬೇಕು. ಗೆಳೆಯ ಎಲೆಕ್ಟ್ರಿಷಿಯನ್ ತಗೊಂಡ ಎಂದು ತಾನೂ ತಗೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

5. ತೋಟದ ಕಡೆಗೆ ಬೆನ್ನು ತಿರುಗಿಸಿ ಸಲಹೆ ಕೊಡಬೇಡಿ

‘ಓದದಿದ್ರೆ ಕಾಯಿ ಕೀಳಕ್ಕೋಗು’ ಎಂದು ಮಗನನ್ನು ಗದರಿಸುವ ತಂದೆಯೇ ಕಾಯಿ ಕೀಳುವವನಿಗೆ ದಿನಗಟ್ಟಲೆ ಫೋನು ಮಾಡುತ್ತಿರುತ್ತಾನೆ. ಮರ ಹತ್ತುವವರು ಸಿಗದೆ ತೋಟಗಳು ಕಾಯುತ್ತಿವೆ. ತೆಂಗು ಅಭಿವೃದ್ಧಿ ಮಂಡಳಿ ಯಂತ್ರದಿಂದ ಮರ ಹತ್ತುವುದನ್ನು ಕಲಿಸಲು 2011ರಲ್ಲೇ ತರಬೇತಿ ಆರಂಭಿಸಿತು; ಕಲಿತವರಿಗೆ ವಿಮೆಯೂ ಇದೆ. ಎಲ್ಲ ಮಕ್ಕಳೂ ಮರ ಹತ್ತಲಿ ಎಂದು ನಾನು ಹೇಳುತ್ತಿಲ್ಲ. ಕೀಳು ಎಂಬ ಮಾತು ಮೇಷ್ಟ್ರ ಬಾಯಿಂದ ಬರದಿದ್ದರೆ ಸಾಕು.

ನಮ್ಮ ಮಗ್ಗುಲಲ್ಲೇ ಇರುವುದು ನಮಗೆ ಕಾಣುವುದಿಲ್ಲ. ತಿಪಟೂರಿನ ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲೇ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ, ಎಸ್ಸೆಸ್ಸೆಲ್ಸಿ ಮೇಲೆ ಎರಡು ವರ್ಷದ ಡಿಪ್ಲೊಮಾ. ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಕೊಡುತ್ತವೆ. ಪಿಯು ಸೈನ್ಸ್ ಮುಗಿಸಿ ಬಿಎಸ್ಸಿ ಕೃಷಿಗೆ ಹೋಗುವವರಿಗೆ ಕೃಷಿಕರ ಕೋಟಾ ಉಂಟು, ಪ್ರಾಯೋಗಿಕ ಪರೀಕ್ಷೆಯ ಜತೆಗೆ. ಕಪ್ಪುತಲೆ ಹುಳು ಬಿದ್ದ ಗರಿ ಯಾವುದು, ರಸ ಸೋರುವ ಕಾಂಡ ಯಾವುದು ಎಂದು ನಡೆದು ಹೋಗುತ್ತಲೇ ಹೇಳುವ ಹುಡುಗಿಯರು ನನ್ನ ತರಗತಿಯಲ್ಲಿ ಕೂತಿರುತ್ತಾರೆ. ಅದೂ ಓದಿಗೆ ಬರುವ ವಿದ್ಯೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಮೌನಿ ತೋಟದಲ್ಲಿ ಮಾತಾಡುತ್ತಾಳೆ. ಸಲಹೆ ಕೊಡುವ ಮೊದಲು ಮೇಷ್ಟ್ರು ಮಕ್ಕಳ ಮನೆಗೆ ಹೋಗಬೇಕಾದ ಕಾರಣವೂ ಇದೇ.

6. ಕನಸನ್ನು ಗೇಲಿ ಮಾಡದೆ ಅಳತೆ ಮಾಡಿ

ಬೆಳಗಿನ ಜಾವ ಓಡುವ ಹುಡುಗರಿಗೆಲ್ಲ ಸೈನ್ಯ ಬೇಕು. ‘ಎಸ್ಸೆಸ್ಸೆಲ್ಸಿ ಪಾಸಾದ್ರೆ ಸಾಕು ಸಾ’ ಎಂಬ ನಂಬಿಕೆ ಬೇರೆ. ಅಗ್ನಿವೀರ್ ಜನರಲ್ ಡ್ಯೂಟಿಗೆ ಒಟ್ಟು ಶೇ. 45, ಪ್ರತಿ ವಿಷಯದಲ್ಲೂ ಶೇ. 33 ಬೇಕು ಎಂದು ಒಂಬತ್ತನೇ ತರಗತಿಯಲ್ಲೇ ಹೇಳಿ. ನನ್ನ ಗಣಿತದ ಪೀರಿಯಡ್ಡಿಗೆ ಅವರಿಂದ ಸಿಗುವ ಮರ್ಯಾದೆ ಅಂದಿನಿಂದ ಬದಲಾಗುತ್ತದೆ. ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳುವುದು ಶೇ. 25ರ ತನಕ ಮಾತ್ರ ಎಂಬುದನ್ನೂ ಮುಚ್ಚಿಡಬೇಡಿ. ತಿಪಟೂರಿನ ಹಳಿಯ ಮೇಲೆ ರೈಲು ಓಡಿಸುವ ಆಸೆಯವನಿಗೆ ಮೊದಲು ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದರೆ ಲೋಕೋ ಪೈಲಟ್ ಕೆಲಸ ಸಿಗದು. ಅದು ಹದಿನೈದಕ್ಕೆ ಗೊತ್ತಾಗುವುದಕ್ಕೂ ಇಪ್ಪತ್ತೆರಡಕ್ಕೆ ಗೊತ್ತಾಗುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಜ್ವರ ಹೆಲಿಕಾಪ್ಟರಿನದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಸಂತೋಷವೇ. ಆದರೆ ಒಂದು ಕಾರ್ಖಾನೆ ನಂಬಿ ಇಡೀ ತರಗತಿಯನ್ನು ಒಂದೇ ಟ್ರೇಡಿಗೆ ಕಳಿಸಲು ನನಗೆ ಧೈರ್ಯವಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗಣಿಗಾರಿಕೆ ನಮಗೆ ನೆನಪಿದೆ. ಅದಿರು ಲಾರಿಗಳ ಕಾಲದಲ್ಲಿ ಸ್ಟೀರಿಂಗ್ ಹಿಡಿದವನಿಗೆ ಓದು ಬೇಡವಾಗಿತ್ತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡವರ ಮನೆ ಮುಂದೆ ಲಾರಿ ನಿಂತಿತು. ಹೊಸ ಕಾರ್ಖಾನೆಯಂಥ ಸುದ್ದಿಗೆ ಮಗು ಕುಣಿಯುವಾಗ ನಾನು ಎರಡನೇ ಆಯ್ಕೆ ಯಾವುದು ಎಂದು ಕೇಳುತ್ತೇನೆ.

7. ಮಗುವಿನ ಜತೆ ಒಬ್ಬರೇ ಕೂತು ಮಾತಾಡಿ

ಅಪ್ಪ, ಚಿಕ್ಕಪ್ಪ, ಮಾವ ಸುತ್ತ ಕೂತಿದ್ದಾಗ ಮಗು ಹೇಳುವುದು ಅವರ ಮಾತನ್ನೇ. ಹುಡುಗಿಯರಿಗೆ ಟೀಚರೊಬ್ಬರು ಜತೆಗಿದ್ದರೆ ಬಾಯಿ ಬರುತ್ತದೆ. ಪಿಯು ಎಂದರೆ ಮದುವೆ ಎರಡು ವರ್ಷ ಮುಂದಕ್ಕೆ ಹೋಗುವುದು ಎಂಬ ಲೆಕ್ಕ ಅವರಲ್ಲಿ ಕೆಲವರ ಮನಸ್ಸಿನಲ್ಲಿರುತ್ತದೆ. ಆ ಲೆಕ್ಕಕ್ಕೆ ನಾನು ಅಡ್ಡ ಬರುವುದಿಲ್ಲ. ಹತ್ತಿರದ ಕಾಲೇಜಿನ ಫಾರಂ ತಂದುಕೊಡುತ್ತೇನೆ.

8. ಬರೆದಿಡಿ, ಹಿಂಬಾಲಿಸಿ

ಇಂಗ್ಲೆಂಡಿನಲ್ಲಿ 2014ರಲ್ಲಿ ಗ್ಯಾಟ್ಸ್‌ಬಿ ಪ್ರತಿಷ್ಠಾನಕ್ಕಾಗಿ ಜಾನ್ ಹಾಲ್ಮನ್ ಶಾಲಾ ವೃತ್ತಿ ಮಾರ್ಗದರ್ಶನಕ್ಕೆ ಎಂಟು ಮಾನದಂಡ ಹಾಕಿಕೊಟ್ಟರು. ಮೂರನೆಯದು ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಸಲಹೆ. ಯಾರಿಗೆ ಏನು ಹೇಳಿದಿರಿ ಎಂದು ದಾಖಲೆ ಇಡಿ, ಶಾಲೆ ಬಿಟ್ಟ ಮೇಲೆ ಕನಿಷ್ಠ ಮೂರು ವರ್ಷ ಅವರು ಎಲ್ಲಿದ್ದಾರೆಂದು ತಿಳಿದಿರಿ ಎನ್ನುತ್ತದೆ ಅದು. ಅಲ್ಲಿಯ ಶಾಲೆಗಳಿಗೆ ಇರುವ ಪ್ರತ್ಯೇಕ ಸಲಹೆಗಾರರು ನಮಗಿಲ್ಲ. ಆದರೆ ಇದಕ್ಕೆ ಬೇಕಿರುವುದು ಒಂದು ಲಾಂಗ್ ನೋಟ್‌ಬುಕ್ಕು, ಒಂದು ಫೋನು.

ನನ್ನ ಪುಸ್ತಕದಲ್ಲಿ ಮಗುವಿಗೊಂದು ಪುಟ. ಎಂಟರಲ್ಲಿ ಏನಾಗಬೇಕೆಂದಿತು, ಹತ್ತರಲ್ಲಿ ಏನೆಂದಿತು, ಮನೆಯ ಸ್ಥಿತಿ, ಯಾವ ಪ್ರಮಾಣಪತ್ರ ಬಾಕಿ ಎಂದೆಲ್ಲ ಬರೆದಿರುತ್ತೇನೆ. ಪಿಯು ಸೈನ್ಸ್ ಅರ್ಧಕ್ಕೆ ಬಿಟ್ಟು ಡಿಪ್ಲೊಮಾಗೆ ಹೋದ ಹಳೇ ವಿದ್ಯಾರ್ಥಿಯನ್ನು ಕರೆಸಿ ತರಗತಿಯ ಮುಂದೆ ನಿಲ್ಲಿಸಲು ಈ ಪುಸ್ತಕದಿಂದಲೇ ಹೆಸರು ಹುಡುಕುತ್ತೇನೆ. ಬೆಂಗಳೂರಿನಿಂದ ಬಂದ ಅತಿಥಿ ಉಪನ್ಯಾಸಕರನ್ನು ಏನೂ ಕೇಳದ ಮಕ್ಕಳು ಅವನನ್ನು ಬಿಡುವುದೇ ಇಲ್ಲ.

ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲೇ ಪಾಸಾದವರನ್ನು ಸೇರಿಸಿಕೊಳ್ಳಲು ಕಾಲೇಜುಗಳೇ ಮನೆ ಬಾಗಿಲಿಗೆ ಬರುತ್ತವೆ. ಆಮೇಲಿನದರಲ್ಲಿ ಪಾಸಾದವರು ಬರುವ ಹೊತ್ತಿಗೆ ಶಾಲೆಯಲ್ಲಿ ಹೊಸ ತರಗತಿಯ ಗಡಿಬಿಡಿ, ಅವರನ್ನು ಕೇಳುವವರಿಲ್ಲ. ಆ ಪುಟಗಳ ಮೂಲೆಯನ್ನು ನಾನು ಮೊದಲೇ ಮಡಚಿಟ್ಟಿರುತ್ತೇನೆ. ಪಿಯು ದಾಖಲಾತಿಯ ಕೊನೆಯ ದಿನಾಂಕ, ಐಟಿಐಗಳಲ್ಲಿ ಉಳಿದ ಸೀಟು ಇವೆರಡನ್ನೂ ವಿಚಾರಿಸಿಕೊಂಡು ಫೋನು ಹಚ್ಚುತ್ತೇನೆ. ಎತ್ತದಿದ್ದರೆ ಭಾನುವಾರ ಬೈಕು ತೆಗೆಯುತ್ತೇನೆ. ಹುಡುಗ ಸಾಮಾನ್ಯವಾಗಿ ಯಾವುದಾದರೂ ಕೊಬ್ಬರಿ ಸುಲಿಯುವ ಶೆಡ್ಡಿನಲ್ಲಿ ಸಿಗುತ್ತಾನೆ.