ತೂಕದ ಯಂತ್ರವಿಲ್ಲದ ಪೋಷಣೆಯ ಪಾಠ

ತರಗತಿ: 9
ವಿಷಯ: ವಿಜ್ಞಾನ
ಬೋಧನಾಂಶ: ಆಹಾರ ಮತ್ತು ಆರೋಗ್ಯ

ನನ್ನ ಮೊದಲ ಪಾಠಯೋಜನೆಯ ಚಟುವಟಿಕೆ ಹೀಗಿತ್ತು: ಪ್ರತಿ ವಿದ್ಯಾರ್ಥಿಯ ತೂಕ, ಎತ್ತರ ಅಳೆದು ಕಪ್ಪುಹಲಗೆಯ ಮೇಲೆ ಬಿಎಂಐ ಲೆಕ್ಕ ಮಾಡುವುದು. ಒಬ್ಬ ವಿದ್ಯಾರ್ಥಿನಿಯ ಸರದಿ ಬಂದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಆಕೆ ಹೊಟ್ಟೆನೋವೆಂದು ಹೇಳಿ ಕುಳಿತುಬಿಟ್ಟಳು. ಅಂದು ಬಿಸಿಯೂಟಕ್ಕೂ ಹೋಗಲಿಲ್ಲ. ತಪ್ಪು ನನ್ನ ಯೋಜನೆಯಲ್ಲಿತ್ತು.

ಆಮೇಲೆ ಆಹಾರ ಸೇವನೆಯ ಅಸ್ವಸ್ಥತೆಗಳ ಬಗ್ಗೆ ಓದಿದೆ. ಅನೊರೆಕ್ಸಿಯಾ, ಬುಲಿಮಿಯಾ ಇರುವವರು ತಮ್ಮ ಯೋಗ್ಯತೆಯನ್ನು ಬಹುಪಾಲು ತೂಕ ಮತ್ತು ದೇಹದ ಆಕಾರದಿಂದಲೇ ಅಳೆದುಕೊಳ್ಳುತ್ತಾರೆ ಎಂಬುದು ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅವರ ಚಿಕಿತ್ಸಾ ವಿಧಾನದ ತಿರುಳು. ಕೆಲವರಲ್ಲಿ ಇದರ ಹಿಂದೆ ಅವಮಾನ, ಹಿಂಸೆ ಅಥವಾ ದೌರ್ಜನ್ಯದ ಆಘಾತವೂ ಇರುತ್ತದೆ. ಬೇರೇನೂ ಕೈಯಲ್ಲಿಲ್ಲದಾಗ ಊಟವೊಂದಾದರೂ ತಮ್ಮ ಹಿಡಿತದಲ್ಲಿರಲಿ ಎನಿಸುತ್ತದೆ. ಆದ್ದರಿಂದ ಆಘಾತವನ್ನು ಗಮನದಲ್ಲಿಟ್ಟ ಚಿಕಿತ್ಸೆಯು ‘ನಿನಗೇನು ದೋಷ?’ ಎನ್ನದೆ ‘ನಿನಗೇನಾಯಿತು?’ ಎಂಬ ನೋಟದಿಂದ ಆರಂಭವಾಗುತ್ತದೆ. ದೇಹದ ಪೋಷಣೆಯನ್ನು ಸರಿಪಡಿಸುವುದೂ ಜೊತೆಗೇ ನಡೆಯಬೇಕು. ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ 36 ಆರೋಗ್ಯವಂತ ಯುವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟಾಗ ಅವರಲ್ಲಿ ಖಿನ್ನತೆ, ಸಿಡುಕು, ಸದಾ ಆಹಾರದ್ದೇ ಯೋಚನೆ ಕಾಣಿಸಿಕೊಂಡವು. ಹಸಿವೇ ಮನಸ್ಸನ್ನು ಬದಲಿಸಬಲ್ಲದು. ಅದನ್ನು ಹಟವೆಂದು ಬೈಯುವುದು ಸರಿಯಲ್ಲ.

ಈ ವಿಧಾನದ ಮೂರು ತತ್ತ್ವಗಳನ್ನು ಮರುಪಾಠದಲ್ಲಿ ಅಳವಡಿಸಿದೆ.

1. ಸುರಕ್ಷತೆ: ತೂಕದ ಯಂತ್ರ ತೆಗೆದೆ. ಕಾಲ್ಪನಿಕ ವಯಸ್ಕರೊಬ್ಬರ 48 ಕೆ.ಜಿ., 1.5 ಮೀಟರ್ ಅಳತೆಯಿಂದ ಬಿಎಂಐ 21.3 ಎಂದು ಕಂಡುಹಿಡಿದೆವು. ಮಕ್ಕಳಿಗೆ ವಯಸ್ಸು, ಲಿಂಗಕ್ಕೆ ತಕ್ಕ ಪಟ್ಟಿ ಬೇಕು, ವಯಸ್ಕರ ಮಿತಿ ಅನ್ವಯಿಸದು ಎಂದೂ ತಿಳಿಸಿದೆ.
2. ನಂಬಿಕೆ: ಹಿಂದಿನ ಚಟುವಟಿಕೆ ನನ್ನ ತಪ್ಪೆಂದು, ಯಾರ ಹೆಸರನ್ನೂ ಎತ್ತದೆ, ಇಡೀ ತರಗತಿಯ ಕ್ಷಮೆ ಕೇಳಿದೆ. ಇಂದು ಏನೇನು ಕೇಳುತ್ತೇನೆಂದು ಮೊದಲೇ ಹೇಳಿದೆ.
3. ಆಯ್ಕೆ: ‘ನೀವು ಏನು ತಿಂದಿರಿ?’ ಎಂಬ ಪ್ರಶ್ನೆ ಬಿಟ್ಟು, ‘ಆಹಾರದ ಬಲದಿಂದ ನಿಮ್ಮ ದೇಹ ಇಂದು ಯಾವ ಕೆಲಸ ಮಾಡಿತು?’ ಎಂದು ಕೇಳಿದೆ. ಇಷ್ಟವಿದ್ದವರು ಮಾತ್ರ ಉತ್ತರಿಸಬಹುದಿತ್ತು.

ಸೈಕಲ್ ತುಳಿದದ್ದು, ತಮ್ಮನನ್ನು ಎತ್ತಿಕೊಂಡದ್ದು, ಗಾಯ ಮಾಗಿದ್ದು ಎಂದು ಉತ್ತರಗಳು ಬಂದವು. ಆ ವಿದ್ಯಾರ್ಥಿನಿ ಮಾತಾಡಲಿಲ್ಲ, ಪುಸ್ತಕದಲ್ಲಿ ಎರಡು ಸಾಲು ಬರೆದಳು. ನಾನು ತೋರಿಸೆನ್ನಲಿಲ್ಲ.

ನಾವು ಚಿಕಿತ್ಸಕರಲ್ಲ, ರೋಗವನ್ನು ಗುರುತಿಸುವುದಾಗಲಿ, ಹಳೆಯ ನೋವನ್ನು ಕೆದಕುವುದಾಗಲಿ ನಮ್ಮ ಕೆಲಸವಲ್ಲ. ಆದರೆ ಮಗು ಪದೇಪದೇ ಊಟ ಬಿಟ್ಟರೆ, ತಲೆಸುತ್ತಿ ಬಿದ್ದರೆ, ಊಟವಾದ ಕೂಡಲೇ ಶೌಚಾಲಯಕ್ಕೆ ಹೋಗಿ ವಾಂತಿ ಮಾಡುತ್ತಿದ್ದರೆ ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ ವೈದ್ಯರ ನೆರವು ಸಿಗುವಂತೆ ಮಾಡಬೇಕು. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಲಭ್ಯವಿವೆ. ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ.

ಪೋಷಣೆಯ ಪಾಠಕ್ಕೆ ಹೊರಡುವ ಸಹಪಾಠಿಗಳು ತಮ್ಮ ಯೋಜನೆಯ ಚಟುವಟಿಕೆಯ ಅಂಕಣವನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅದರಲ್ಲಿ ಯಾವ ಮಗುವಿನ ದೇಹವೂ ಬೋಧನೋಪಕರಣವಾಗದಿರಲಿ.