ಮಾತು ಬಾರದ ದಿನಗಳ ಪ್ರಾರ್ಥನೆ

ಪ್ರೀತಿಯ ಮಗಳೇ,

ಕೆಲಸ ಹೋದ ಸುದ್ದಿಯನ್ನು ನಿನ್ನ ಅಮ್ಮ ಮೊದಲೇ ಹೇಳಿದ್ದಳು. ಆದರೆ ನೀನು ಫೋನಿನಲ್ಲಿ ಕೇಳಿದ ಮಾತು ಅದಕ್ಕಿಂತ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿತು: “ದೊಡ್ಡಪ್ಪಾ, ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತೇ ಬರುವುದಿಲ್ಲ. ಹಾಗಿರುವಾಗ ಚರ್ಚಿಗೆ ಹೋಗಿ ನಾಟಕ ಆಡುವುದು ಯಾಕೆ?” ನಿನ್ನ ವಯಸ್ಸಿನ ಬೇರೆ ಮಕ್ಕಳೂ ನನ್ನ ಹತ್ತಿರ ಹೀಗೆ ಕೇಳಿದ್ದಾರೆ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿ ಉತ್ತರ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಸಂಡೇಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವ ಪ್ರಾರ್ಥನೆಯಲ್ಲಿ ಸ್ತೋತ್ರವೇ ಹೆಚ್ಚು. ದೇವರ ಮುಂದೆ ಗೊಣಗಬಾರದು, ದೂರಬಾರದು ಎಂಬುದು ಆಗಲೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಈಗ ಸತ್ಯವೇದ ತೆಗೆದು ಕೀರ್ತನೆಗಳನ್ನು ನೀನೇ ಓದು. ಆ 150ರಲ್ಲಿ ಸುಮಾರು ಮೂರನೆಯ ಒಂದು ಪಾಲು ಬರೀ ಅಳಲು, ದೂರು, ದೇವರ ಜೊತೆ ಜಗಳ. 13ನೆಯ ಕೀರ್ತನೆಯಲ್ಲಿ ಭಕ್ತ ಇನ್ನೂ ಎಷ್ಟು ದಿನ ಎಂದು ಬೆನ್ನುಬೆನ್ನಿಗೆ ನಾಲ್ಕು ಸಲ ಕೇಳುತ್ತಾನೆ. ಅದಾದರೂ ಕೊನೆಗೆ ಹಾಡಿನಲ್ಲಿ ಮುಗಿಯುತ್ತದೆ. 88ನೆಯದಕ್ಕೆ ಆ ಸಮಾಧಾನವೂ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನು ಯೆಹೂದ್ಯರೂ ತೆಗೆದುಹಾಕಲಿಲ್ಲ, ಕ್ರೈಸ್ತ ಸಭೆಯೂ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನೇ. ದೇವರು ಕೈಬಿಟ್ಟದ್ದೇಕೆ ಎಂದು ಕೇಳುವ ಮಾತು ಅದು. ಅದರ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅದೇ ಮಾತುಗಳನ್ನು ಮತ್ತೆ ಮತ್ತೆ ಹೇಳಿ ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯ ಬರೆದಿದ್ದಾನೆ. ಸ್ವಾಮಿಗೇ ಹೊಸ ಮಾತು ಬೇಕಾಗಲಿಲ್ಲ. ನಿನಗೆ ಯಾಕೆ ಬೇಕು?

ನನಗೆ ಇದಕ್ಕಿಂತ ಹತ್ತಿರದವಳೆನಿಸುವುದು ಹನ್ನ. ಒಂದನೆಯ ಸಮುವೇಲನ ಮೊದಲ ಅಧ್ಯಾಯ. ಮಕ್ಕಳಿಲ್ಲದ ಸಂಕಟ, ಮನೆಯಲ್ಲಿ ಸವತಿಯ ಕುಟುಕು. ವರ್ಷವರ್ಷವೂ ಶೀಲೋವಿಗೆ ಹೋಗುತ್ತಾಳೆ, ಅಳುತ್ತಾಳೆ, ಊಟ ಬಿಡುತ್ತಾಳೆ. ಒಂದು ಸಲ ಅವಳು ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತದೆ, ಸ್ವರ ಇಲ್ಲ. ಬಾಗಿಲ ಬಳಿ ಕೂತ ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆ ಎಂದುಕೊಂಡು ಗದರುತ್ತಾನೆ. ಅವಳು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕುಡಿದಿಲ್ಲ, ಮನಸ್ಸಿನೊಳಗಿನದನ್ನು ದೇವರ ಮುಂದೆ ತೋಡಿಕೊಳ್ಳುತ್ತಿದ್ದೇನೆ ಎಂದು ವಿವರಿಸಿದಳು. ಆಮೇಲೆ ಅದೇ ಏಲಿ ಅವಳನ್ನು ಹರಸಿ ಕಳಿಸಿದ. ಅವಳು ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯಿತು. ಆ ಹೊತ್ತಿಗೆ ಸಮುವೇಲ ಇನ್ನೂ ಗರ್ಭದಲ್ಲೂ ಇರಲಿಲ್ಲ, ನೋಡು. ಹೊರಗಡೆ ಏನೂ ಬದಲಾಗಿರಲಿಲ್ಲ. ನಿರೀಕ್ಷೆ ಹುಟ್ಟುವುದು ಬೇಡಿದ್ದು ಕೈಗೆ ಬಂದ ಮೇಲಲ್ಲ, ಅದಕ್ಕೂ ಮೊದಲು, ಊಟಕ್ಕೆ ಕೂರುವಷ್ಟು ಬಲವಾಗಿ. ಅದು ಬಂದದ್ದಾದರೂ ಯಾರ ಬಾಯಿಂದ? ಅವಳನ್ನು ತಪ್ಪು ತಿಳಿದ ಯಾಜಕನ ಬಾಯಿಂದಲೇ.

ನಿನ್ನ ಎರಡನೆಯ ತಕರಾರಿಗೆ ಅಲ್ಲೇ ಅರ್ಧ ಉತ್ತರ ಇದೆ. ಚರ್ಚಿನ ಜನ ಕೇಳುವ ಪ್ರಶ್ನೆಗಳು ನನಗೂ ಗೊತ್ತು: ಈಗ ಎಲ್ಲಿ ಕೆಲಸ? ಮದುವೆ ಯಾವಾಗ? ಯಾಕೆ ಇಷ್ಟು ಸೊರಗಿದ್ದೀ? ನಿನಗೆ ವಿಶ್ವಾಸ ಸಾಲದು ಎಂದು ಮುಖಕ್ಕೇ ಹೇಳುವವರೂ ಇರುತ್ತಾರೆ. ಅವರಿಗೆ 88ನೆಯ ಕೀರ್ತನೆ ಓದಲು ಹೇಳು, ಅಥವಾ ಸುಮ್ಮನಿರು. ಕಮಿಟಿ ಚುನಾವಣೆ, ಆಸ್ತಿ ಜಗಳ, ಕೋರ್ಟು ಕಚೇರಿ ಯಾವುದನ್ನೂ ನಾನು ಇಲ್ಲವೆನ್ನುವುದಿಲ್ಲ. ಆದರೂ ಹೋಗು ಎನ್ನುತ್ತೇನೆ.

ಯಾಕೆಂದರೆ ಕಪೆರ್ನೌಮಿನ ಆ ಪಾರ್ಶ್ವವಾಯು ರೋಗಿಯನ್ನು ನೆನಪಿಸಿಕೊ. ನಾಲ್ಕು ಜನ ಹೊತ್ತು ತರುತ್ತಾರೆ, ಬಾಗಿಲಲ್ಲಿ ಕಾಲಿಡಲು ಜಾಗ ಇಲ್ಲ, ಮಾಡು ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಹಂಚು ತೆಗೆದರೆಂದು ಬರೆದವನು ಲೂಕ. (ಮಂಗಳೂರಿನವನಾದ ನನಗೆ ಆ ಹಂಚಿಗೆ ದುಡ್ಡು ಕೊಟ್ಟವರಾರು ಎಂಬ ಸಂಶಯ ಇನ್ನೂ ಹೋಗಿಲ್ಲ.) ರೋಗಿ ಒಂದು ಮಾತಾಡಿದನೆಂದು ಎಲ್ಲೂ ಇಲ್ಲ. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಭಾನುವಾರದ ವಿಜ್ಞಾಪನೆಯ ಪ್ರಾರ್ಥನೆಯಲ್ಲಿ ಅಯ್ಯನವರು ಕಾಯಿಲೆಯವರನ್ನು, ಕೆಲಸವಿಲ್ಲದವರನ್ನು ಎತ್ತಿ ಹೇಳುತ್ತಾರಲ್ಲ, ನಾವೆಲ್ಲ ಆಮೆನ್ ಅನ್ನುತ್ತೇವಲ್ಲ, ನಡೆಯುವುದು ಇದೇ. ನಿನ್ನಿಂದ ಆಗದ ಪ್ರಾರ್ಥನೆಯನ್ನು ಬೇರೆಯವರು ಹೊರುತ್ತಿದ್ದಾರೆ. ನೀನು ಬೆಂಚಿನಲ್ಲಿ ಸುಮ್ಮನೆ ಕೂತಿದ್ದರೆ ಅದನ್ನು ನಾಟಕ ಎನ್ನಲಾಗದು, ಹೊರಿಸಿಕೊಳ್ಳುವುದು ಅಷ್ಟೆ. ಹೊರುವುದಕ್ಕಿಂತ ಹೊರಿಸಿಕೊಳ್ಳುವುದೇ ಕಷ್ಟ, ಅದರಲ್ಲೂ ನಮ್ಮ ಮನೆತನದವರಿಗೆ.

ಹಂಚಿನ ಮಾತು ಬಂತು, ನಮ್ಮ ಮಂಗಳೂರಿನ ಜೆಪ್ಪುವಿನ ಕಥೆಯನ್ನೂ ಹೇಳಿಬಿಡುತ್ತೇನೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರಿಗೆ ಮನೆ, ಜಾತಿ, ಕಸುಬು ಮೂರೂ ಒಟ್ಟಿಗೆ ತಪ್ಪಿಹೋಗುತ್ತಿದ್ದವು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಬಂದರು. ಓದಿಲ್ಲದ ಬಡವರು ಏನು ಮಾಡಬೇಕು? ಅವರಿಗಾಗಿ ಪ್ರಾರ್ಥಿಸಿ ಕೈತೊಳೆದುಕೊಂಡರೆ ಸಾಲದು ಎಂದು ಕಂಡದ್ದರಿಂದಲೇ ನೇಯ್ಗೆ ಬಂತು, ಅಚ್ಚುಕೂಟದಲ್ಲಿ ಕೆಲಸ ಸಿಕ್ಕಿತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅನ್ನ ಕೊಡುವ ಕೈಯೇ ಉಪದೇಶವನ್ನೂ ಕೊಟ್ಟರೆ ಬರುವ ತೊಡಕುಗಳು ಅಲ್ಲೂ ಇದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕೆಲಸ ಹೋದವರಿಗೆ ಕೆಲಸ ಹುಡುಕುವುದು ಸಭೆಯ ಕೆಲಸವೇ ಎಂಬ ತಿಳಿವಳಿಕೆ ಇತ್ತು.

1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳು ಮುಚ್ಚಲಿಲ್ಲ. ಊರಿನ ಪಾದ್ರಿಗಳು, ಉಪದೇಶಿಗಳು, ಹಿರಿಯರು ಆರಾಧನೆ ನಡೆಸಿಕೊಂಡು ಬಂದರು. ಆ ಜನರಲ್ಲಿ ಪ್ರತಿಯೊಬ್ಬರಿಗೂ ಪ್ರತಿ ಭಾನುವಾರ ನಿರೀಕ್ಷೆ ತುಂಬಿತ್ತು ಎಂದು ನಾನು ನಂಬುವುದಿಲ್ಲ. ಒಬ್ಬರಿಗೆ ಬತ್ತಿದಾಗ ಪಕ್ಕದ ಬೆಂಚಿನವರಿಗೆ ಒಂದಿಷ್ಟು ಉಳಿದಿತ್ತು, ಅಷ್ಟೆ.

ಇನ್ನೊಂದು ಮಾತು. ರಾತ್ರಿ ನಿದ್ದೆ ಬರುವುದಿಲ್ಲ, ಯಾವುದೂ ಬೇಡ ಅನಿಸುತ್ತದೆ ಎಂದೆಯಲ್ಲ, ಅದಕ್ಕೆ ಡಾಕ್ಟರನ್ನು ನೋಡು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತಾಡಬೇಕಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಪ್ರಾರ್ಥನೆ ಇದ್ದರೆ ಔಷಧಿ ಬೇಡ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಪೌಲನ ಜೊತೆ ಊರೂರು ತಿರುಗಿದ ಲೂಕ ವೈದ್ಯನೇ ಆಗಿದ್ದ.

ಎಲ್ಲಿ ಹೋಗಲಿ ಎಂದು ಕೇಳುತ್ತೀ. ಕನ್ನಡದಲ್ಲಿ ಆರಾಧನೆ ಬೇಕಾದರೆ ಕಾರ್ಪೊರೇಷನ್ ಹತ್ತಿರ ಹಡ್ಸನ್ ಚರ್ಚ್ ಇದೆ, ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ನಿನ್ನ ರೂಮಿನ ಹತ್ತಿರ ಚಿಕ್ಕದೊಂದು ಸಭೆ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಚರ್ಚಿನಲ್ಲಿ ಅಡಗಿಕೊಳ್ಳಬಹುದು, ಚಿಕ್ಕದರಲ್ಲಿ ಎರಡನೆಯ ವಾರವೇ ಯಾರಾದರೂ ಹೆಸರು ಹಿಡಿದು ಕೂಗುತ್ತಾರೆ. ನಿನಗೀಗ ಅದೇ ಬೇಕು. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂರು. ಸಂಗೀತ ಹಾಡಲು ಮನಸ್ಸಿಲ್ಲದಿದ್ದರೆ ಪುಸ್ತಕ ಹಿಡಿದು ನಿಂತುಕೊ. ಆರಾಧನೆ ಮುಗಿದ ಕೂಡಲೇ ಓಡಿಹೋಗಬೇಡ. ಮನೆ ಪ್ರಾರ್ಥನೆಗೆ ಕರೆದರೆ ಹೋಗು, ಅಲ್ಲಿ ಚಹಾದ ಹೊತ್ತಿಗೆ ಆಡುವ ಮಾತು ಕೆಲವೊಮ್ಮೆ ಪ್ರಸಂಗಕ್ಕಿಂತ ಹೆಚ್ಚು ತಾಗುತ್ತದೆ. ಸ್ವಲ್ಪ ಸುಧಾರಿಸಿದ ಮೇಲೆ ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವ ಗುಂಪಿನ ಜೊತೆ ಸೇರಿಕೊ. ಕೆಲಸ ಹೋಗಿದೆ ಎಂದು ನಾಚದೆ ಹೇಳು. ಕೇಳಿದವರಲ್ಲಿ ಒಬ್ಬರಿಗಾದರೂ ಯಾವುದೋ ಆಫೀಸಿನ ಪರಿಚಯ ಇರುತ್ತದೆ.

ಮತ್ತೆ, ಹೊರಡುವ ಮೊದಲು ಫೋನ್ ಮಾಡಿ ಆರಾಧನೆ ಎಷ್ಟು ಗಂಟೆಗೆ ಎಂದು ಕೇಳಿಕೊ. ಹಬ್ಬದ ವಾರಗಳಲ್ಲಿ ಸಮಯ ಬದಲಿಸುತ್ತಾರೆ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ