ಸಗಟಾಗಿ ಕೊಂಡರೆ ಅಗ್ಗವೇ? ಕಟ್ಟಡ ಸಾಮಗ್ರಿ ಕೊಳ್ಳುವ ರೈತರಿಗೆ ಕೆಲವು ಲೆಕ್ಕಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಹಿಂದಿನಿಂದಲೂ ಬಂದಿದೆ. ಮನೆಯಷ್ಟೇ ಅಲ್ಲ, ದನದ ಕೊಟ್ಟಿಗೆ, ಗೊಬ್ಬರದ ತೊಟ್ಟಿ, ಧಾನ್ಯದ ಕೋಣೆ, ಪಂಪುಸೆಟ್ಟಿನ ಮನೆ ಮುಂತಾದ ಸಣ್ಣ ಕಟ್ಟಡಗಳನ್ನು ಕಟ್ಟುವಾಗಲೂ ಈ ಮಾತು ನಿಜವೇ. ಇಂತಹ ಕೆಲಸಗಳನ್ನು ಹಲವು ರೈತರು ಗುತ್ತಿಗೆಗೆ ಕೊಡುವುದಿಲ್ಲ. ಸಾಮಗ್ರಿಯನ್ನು ತಾವೇ ಕೊಂಡು ತಂದು, ಮನೆಯವರ ದುಡಿಮೆಯೊಂದಿಗೆ ಒಬ್ಬ ಗಾರೆ ಕೆಲಸದವನನ್ನು ಇಟ್ಟುಕೊಂಡು ಮುಗಿಸುತ್ತಾರೆ. ಇದರಿಂದ ಕೂಲಿಯಲ್ಲಿ ಉಳಿತಾಯವಾಗುವುದು ಹೌದು. ಆದರೆ ಕೂಲಿಯಲ್ಲಿ ಉಳಿಸಿದ ಹಣವನ್ನು ಸಾಮಗ್ರಿ ಕೊಳ್ಳುವಾಗ ಕಳೆದುಕೊಳ್ಳುವ ಸಂಭವವೂ ಉಂಟು.

ಇದಕ್ಕೆ ಮುಖ್ಯ ಕಾರಣ, “ಹೆಚ್ಚು ಕೊಂಡರೆ ಅಗ್ಗ” ಎಂಬ ನಂಬಿಕೆ. ಈ ನಂಬಿಕೆ ಅನೇಕ ಸಲ ಸರಿಯಾಗಿರುತ್ತದೆ, ಕೆಲವು ಸಲ ತಪ್ಪಾಗಿರುತ್ತದೆ. ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಅಂಗಡಿಯ ಮುಂದೆ ನಿಂತು ಎರಡು ನಿಮಿಷದಲ್ಲಿ ಲೆಕ್ಕ ಹಾಕಿ ತಿಳಿಯಬಹುದು. ಆ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಹೇಳಿರುವ ಬೆಲೆಗಳು ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು. ರೈತರು ತಮ್ಮ ಊರಿನ ದರವನ್ನು ಹಾಕಿ ಲೆಕ್ಕ ಮಾಡಿಕೊಳ್ಳಬೇಕು.

ಏಕಮಾನದ ಬೆಲೆ

ಚೀಲ, ಡಬ್ಬಿ, ಕಟ್ಟು, ಲೋಡು ಇವು ಅಳತೆಗಳಲ್ಲ. ಇವುಗಳ ಒಳಗೆ ಎಷ್ಟಿದೆ ಎಂಬುದೇ ಮುಖ್ಯ. ಯೂರಿಯಾ ಚೀಲದ ಉದಾಹರಣೆ ರೈತರಿಗೆ ಗೊತ್ತೇ ಇದೆ. ಮೊದಲು 50 ಕಿ.ಗ್ರಾಂ. ಇದ್ದ ಚೀಲ 2018ರಿಂದ 45 ಕಿ.ಗ್ರಾಂ. ಆಯಿತು. ಚೀಲ ಎಂಬ ಹೆಸರು ಮಾತ್ರ ಬದಲಾಗಲಿಲ್ಲ. ಆದುದರಿಂದ ಯಾವ ಸಾಮಗ್ರಿಯನ್ನೇ ಕೊಳ್ಳಲಿ, ಒಟ್ಟು ಬೆಲೆಯನ್ನು ಒಳಗಿರುವ ಪ್ರಮಾಣದಿಂದ ಭಾಗಿಸಿ ಒಂದು ಕಿಲೋ, ಒಂದು ಲೀಟರ್ ಅಥವಾ ಒಂದು ಮೀಟರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ನೋಡತಕ್ಕದ್ದು.

ಗೋಡೆಯ ಬಣ್ಣದ ಬೆಲೆಗಳು ಒಂದು ಅಂಗಡಿಯಲ್ಲಿ ಹೀಗಿವೆ ಎಂದುಕೊಳ್ಳೋಣ:

1 ಲೀಟರ್ ಡಬ್ಬಿ – ರೂ. 260 (ಲೀಟರಿಗೆ ರೂ. 260)
4 ಲೀಟರ್ ಡಬ್ಬಿ – ರೂ. 1,000 (ಲೀಟರಿಗೆ ರೂ. 250)
10 ಲೀಟರ್ ಡಬ್ಬಿ – ರೂ. 2,700 (ಲೀಟರಿಗೆ ರೂ. 270)
20 ಲೀಟರ್ ಡಬ್ಬಿ – ರೂ. 4,900 (ಲೀಟರಿಗೆ ರೂ. 245)

ಇಲ್ಲಿ 10 ಲೀಟರ್ ಡಬ್ಬಿ ಎಲ್ಲಕ್ಕಿಂತ ದುಬಾರಿ. 10 ಲೀಟರ್ ಬೇಕಾದವರು 4 ಲೀಟರಿನ ಎರಡು ಮತ್ತು 1 ಲೀಟರಿನ ಎರಡು ಡಬ್ಬಿ ಕೊಂಡರೆ ರೂ. 2,520 ಸಾಕು. ಉಳಿತಾಯ ರೂ. 180.

ಹೀಗೇಕೆ ಆಗುತ್ತದೆ? ಕಾರಣಗಳು ಹಲವು. ಹೆಚ್ಚು ಮಾರಾಟವಾಗುವ ಅಳತೆಯ ಡಬ್ಬಿಯ ಬೆಲೆ ಎಲ್ಲ ಗಿರಾಕಿಗಳಿಗೂ ಗೊತ್ತಿರುವುದರಿಂದ ಅಂಗಡಿಗಳು ಅದರಲ್ಲಿ ಪೈಪೋಟಿ ಮಾಡುತ್ತವೆ. ಲಾಭವನ್ನು ಬೇರೆ ಅಳತೆಯಲ್ಲಿ ಪಡೆಯುತ್ತವೆ. ಒಂದು ಅಳತೆಗೆ ಮಾತ್ರ ತಯಾರಕರ ರಿಯಾಯಿತಿ ಇರಬಹುದು. ಒಂದು ಹಳೆಯ ದರದ ದಾಸ್ತಾನು, ಇನ್ನೊಂದು ಹೊಸ ದರದ್ದು ಇರಬಹುದು. ದೊಡ್ಡದು ಅಗ್ಗವೇ ಇರಬೇಕೆಂದು ನಂಬಿ ಗಿರಾಕಿ ಲೆಕ್ಕ ಹಾಕದೆ ಕೊಳ್ಳುವುದೂ ಒಂದು ಕಾರಣ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಆದರೆ ನಷ್ಟ ಮಾತ್ರ ಕೊಳ್ಳುವವನದು.

ಪೊಟ್ಟಣ ಕಟ್ಟಿದ ಸರಕುಗಳ ಮೇಲೆ ಗರಿಷ್ಠ ಬೆಲೆಯ ಜೊತೆಗೆ ಏಕಮಾನದ ಬೆಲೆಯನ್ನೂ ಮುದ್ರಿಸಬೇಕೆಂದು 2021ರಲ್ಲಿ ಕಾನೂನು ಮಾಪನಶಾಸ್ತ್ರದ ನಿಯಮಗಳಿಗೆ ತಿದ್ದುಪಡಿ ಮಾಡಲಾಯಿತು. ಡಬ್ಬಿಯ ಮೇಲೆ ಇದನ್ನು ಹುಡುಕಿ ಓದಬೇಕು. ಆದರೆ ಅದು ಗರಿಷ್ಠ ಬೆಲೆಯ ಲೆಕ್ಕ. ಅಂಗಡಿಯವರು ರಿಯಾಯಿತಿ ಕೊಟ್ಟಾಗ ಹೊಸದಾಗಿ ಭಾಗಿಸಿ ನೋಡಬೇಕು. ಮರಳು, ಜಲ್ಲಿ, ಇಟ್ಟಿಗೆಗಳಂತಹ ಬಿಡಿ ಸರಕಿಗೆ ಇಂತಹ ಮುದ್ರಣವೇ ಇರುವುದಿಲ್ಲ. ಅಲ್ಲಿ ನಮ್ಮ ಲೆಕ್ಕವೇ ನಮಗೆ ಆಧಾರ.

ಬೆಲೆಗಳನ್ನು ಹೋಲಿಸುವಾಗ ತೆರಿಗೆ ಸೇರಿದೆಯೇ ಎಂಬುದನ್ನೂ ಕೇಳಬೇಕು. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಒಬ್ಬರು ಚೀಲಕ್ಕೆ ರೂ. 340, ತೆರಿಗೆ ಬೇರೆ ಎಂದರೆ ಅದು ರೂ. 401.20 ಆಗುತ್ತದೆ. ತೆರಿಗೆ ಸೇರಿ ರೂ. 395 ಎಂದವರ ದರವೇ ಕಡಿಮೆ.

ಮೆಟ್ಟಿಲು ದರ

ಸಿಮೆಂಟು, ಪೈಪು, ತಗಡು ಮೊದಲಾದವುಗಳಿಗೆ ಅಂಗಡಿಗಳಲ್ಲಿ “ಇಷ್ಟಕ್ಕಿಂತ ಹೆಚ್ಚು ಕೊಂಡರೆ ಇಷ್ಟು ದರ” ಎಂದು ಹೇಳುವುದುಂಟು. ಇದನ್ನು ಮೆಟ್ಟಿಲು ದರವೆನ್ನಬಹುದು. ಉದಾಹರಣೆಗೆ, 19 ಚೀಲದವರೆಗೆ ಸಿಮೆಂಟಿನ ದರ ಚೀಲಕ್ಕೆ ರೂ. 400, 20 ಚೀಲ ಅಥವಾ ಹೆಚ್ಚಿಗೆ ರೂ. 370 ಇದೆಯೆಂದು ಇಟ್ಟುಕೊಳ್ಳೋಣ.

19 ಚೀಲದ ಬೆಲೆ ರೂ. 7,600. 20 ಚೀಲದ ಬೆಲೆ ರೂ. 7,400. ಅಂದರೆ ಒಂದು ಚೀಲ ಹೆಚ್ಚಿಗೆ ಪಡೆದರೂ ರೂ. 200 ಕಡಿಮೆ ಕೊಡುತ್ತೇವೆ. ಇಲ್ಲಿ 19 ಚೀಲ ಕೊಳ್ಳುವುದು ತಿಳಿವಳಿಕೆಯ ಕೆಲಸವಲ್ಲ.

ಎಷ್ಟು ಚೀಲದಿಂದ ಈ ಲಾಭ ಆರಂಭವಾಗುತ್ತದೆ ಎಂದು ತಿಳಿಯಲು ಸುಲಭವಾದ ಸೂತ್ರವಿದೆ. ಮೆಟ್ಟಿಲಿನ ಸಂಖ್ಯೆಯನ್ನು ಕಡಿಮೆ ದರದಿಂದ ಗುಣಿಸಿ, ಹೆಚ್ಚಿನ ದರದಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ 20 × 370 ÷ 400 = 18.5. ಅಂದರೆ 19 ಚೀಲ ಬೇಕಾದವರು 20 ಕೊಳ್ಳಬೇಕು. 18 ಅಥವಾ ಅದಕ್ಕಿಂತ ಕಡಿಮೆ ಬೇಕಾದವರು ಬೇಕಾದಷ್ಟನ್ನೇ ಕೊಂಡರೆ ಕೈಯಿಂದ ಹೋಗುವ ಹಣ ಕಡಿಮೆ.

ಈಗ ಒಂದು ಕೊಟ್ಟಿಗೆಯ ಲೆಕ್ಕ ನೋಡೋಣ. 6 ಮೀ. ಉದ್ದ, 4 ಮೀ. ಅಗಲದ ನೆಲಕ್ಕೆ 10 ಸೆಂ.ಮೀ. ದಪ್ಪ ಕಾಂಕ್ರೀಟು ಹಾಕಲು 2.4 ಘನ ಮೀಟರ್ ಕಾಂಕ್ರೀಟು ಬೇಕು. 1:2:4 ಪ್ರಮಾಣದ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 6.3 ಚೀಲ ಸಿಮೆಂಟು ಹಿಡಿಯುತ್ತದೆ. ಒಟ್ಟು ಸುಮಾರು 15 ಚೀಲ. ಪೋಲಾಗುವುದನ್ನು ಸೇರಿಸಿ 16 ಚೀಲ. ಮರಳು ಸುಮಾರು 37 ಘನ ಅಡಿ, ಜಲ್ಲಿ ಸುಮಾರು 75 ಘನ ಅಡಿ ಬೇಕು.

16 ಚೀಲಕ್ಕೆ ರೂ. 6,400. 20 ಚೀಲಕ್ಕೆ ರೂ. 7,400. ಅಂದರೆ ಹೆಚ್ಚಿನ 4 ಚೀಲ ರೂ. 1,000ಕ್ಕೆ, ಚೀಲಕ್ಕೆ ರೂ. 250ರಂತೆ ಸಿಕ್ಕ ಹಾಗಾಯಿತು. ಇದು ಅಗ್ಗವೆಂದು ಕಾಣುತ್ತದೆ. ಆದರೆ ಆ 4 ಚೀಲಕ್ಕೆ ಕೆಲಸವಿದ್ದರೆ ಮಾತ್ರ ಅದು ಅಗ್ಗ. ಗೋದಲಿ ಕಟ್ಟಿ ಗಿಲಾವು ಮಾಡುವುದು, ಗಂಜಲದ ಕಾಲುವೆ ತೆಗೆಯುವುದು ಇದೇ ಹಂಗಾಮಿನ ಕೆಲಸವಾಗಿದ್ದರೆ 20 ಚೀಲ ತರುವುದು ಸರಿ. ಇಲ್ಲವಾದರೆ ರೂ. 1,000 ಮೂಲೆಯಲ್ಲಿ ಕೂರುತ್ತದೆ.

ಉಳಿದ ಸಾಮಗ್ರಿಯ ಗತಿ

ಸಿಮೆಂಟು ಕೂಡಿಡುವ ವಸ್ತುವಲ್ಲ. ಗಾಳಿಯ ತೇವವನ್ನು ಹೀರಿ ದಿನೇ ದಿನೇ ಸತ್ವ ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟ ಸಿಮೆಂಟನ್ನು ಮರುಪರೀಕ್ಷೆ ಮಾಡದೆ ಬಳಸಬಾರದೆಂಬುದು ಸಾಮಾನ್ಯ ನಿಯಮ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಇನ್ನೂ ಬೇಗ ಗಂಟು ಕಟ್ಟುತ್ತದೆ. ಕೊಳ್ಳುವಾಗ ಚೀಲದ ಮೇಲೆ ಮುದ್ರಿಸಿರುವ ವಾರ ಮತ್ತು ವರ್ಷವನ್ನು ನೋಡಬೇಕು. ಹಳೆಯ ದಾಸ್ತಾನನ್ನು ಖಾಲಿ ಮಾಡಲೆಂದೇ ಹೆಚ್ಚು ಚೀಲಕ್ಕೆ ಕಡಿಮೆ ದರ ಹೇಳುವ ಸಂದರ್ಭಗಳೂ ಇರಬಹುದು.

ಇಟ್ಟಿಗೆ, ಜಲ್ಲಿ, ಕಬ್ಬಿಣ ಹೀಗೆ ಬೇಗ ಕೆಡುವುದಿಲ್ಲ. ಆದರೂ ಅವುಗಳಲ್ಲಿ ತೊಡಗಿದ ಹಣ ಬಿತ್ತನೆ ಬೀಜಕ್ಕೋ ಗೊಬ್ಬರಕ್ಕೋ ಬೇಕಾದಾಗ ಹಿಂದಕ್ಕೆ ಬರುವುದಿಲ್ಲ. ಸಾಲ ತಂದು ಕಟ್ಟುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ರಿಯಾಯಿತಿಗಾಗಿ ಸಾಲವನ್ನು ಹೆಚ್ಚಿಸಿಕೊಳ್ಳಬಾರದು.

ಲೋಡಿನ ಲೆಕ್ಕ

ಮರಳು ಮತ್ತು ಎಂ-ಸ್ಯಾಂಡ್ ಅನ್ನು ಟ್ರಾಕ್ಟರ್ ಲೋಡಿನಲ್ಲಿ ಕೊಳ್ಳುವಾಗ ಎರಡು ಕಡೆ ನಷ್ಟವಾಗಬಹುದು. ಒಂದು, ಲೋಡಿನ ಅಳತೆಯಲ್ಲಿ. ಇನ್ನೊಂದು, ಮರಳಿನ ತೇವದಲ್ಲಿ.

ಒಂದು ಲೋಡು 100 ಘನ ಅಡಿ, ಬೆಲೆ ರೂ. 5,400 ಎಂದು ಹೇಳಿದರೆಂದು ಭಾವಿಸೋಣ. ಘನ ಅಡಿಗೆ ರೂ. 54 ಆಯಿತು. ಟ್ರೈಲರಿನ ಒಳ ಅಳತೆ ತೆಗೆದಾಗ ಉದ್ದ 10 ಅಡಿ, ಅಗಲ 6 ಅಡಿ, ಮರಳಿನ ಎತ್ತರ ಒಂದೂವರೆ ಅಡಿ ಬಂದರೆ ಇರುವುದು 90 ಘನ ಅಡಿ. ನಿಜವಾದ ದರ ರೂ. 60.

ಒದ್ದೆ ಮರಳು ಉಬ್ಬಿಕೊಂಡಿರುತ್ತದೆ. ಮರಳಿನ ಕಣಗಳ ಸುತ್ತ ನೀರಿನ ತೆಳು ಪೊರೆ ನಿಂತು ಕಣಗಳನ್ನು ದೂರ ಸರಿಸುವುದೇ ಇದಕ್ಕೆ ಕಾರಣ. ಶೇ. 5ರಷ್ಟು ತೇವವಿದ್ದರೂ ಮರಳು ಶೇ. 20ರಿಂದ 30ರಷ್ಟು ಉಬ್ಬಬಹುದು; ನುಣುಪು ಮರಳಿನಲ್ಲಿ ಇನ್ನೂ ಹೆಚ್ಚು. ಇದನ್ನು ಪರೀಕ್ಷಿಸಲು ನೇರ ಗೋಡೆಯ ಒಂದು ಡಬ್ಬಿ ಸಾಕು. ಡಬ್ಬಿಯಲ್ಲಿ ಮರಳನ್ನು ಒತ್ತದೆ 20 ಸೆಂ.ಮೀ. ಎತ್ತರಕ್ಕೆ ತುಂಬಬೇಕು. ಅದನ್ನು ಬೇರೆಡೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಡ್ಡಿಯಿಂದ ಕಲಕಿ ತಳಕ್ಕೆ ಇಳಿಯಲು ಬಿಡಬೇಕು. ನೀರಿನಲ್ಲಿ ಪೂರ್ತಿ ಮುಳುಗಿದ ಮರಳು ಒಣ ಮರಳಿನಷ್ಟೇ ಜಾಗ ಹಿಡಿಯುತ್ತದೆ. ಈಗ ಎತ್ತರ 16 ಸೆಂ.ಮೀ. ಇದ್ದರೆ ಮರಳು ಶೇ. 25ರಷ್ಟು ಉಬ್ಬಿತ್ತೆಂದು ತಿಳಿಯಬೇಕು.

ಹಾಗಿದ್ದಲ್ಲಿ ಮೇಲಿನ 90 ಘನ ಅಡಿಯ ಲೋಡಿನಲ್ಲಿ ಇರುವುದು 72 ಘನ ಅಡಿ ಮರಳು. ದರ ರೂ. 54 ಅಲ್ಲ, ರೂ. 75. ಪಕ್ಕದ ವ್ಯಾಪಾರಿ ಒಣ ಮರಳನ್ನು ಸರಿಯಾದ ಅಳತೆಯಲ್ಲಿ ಘನ ಅಡಿಗೆ ರೂ. 65ಕ್ಕೆ ಕೊಟ್ಟರೆ ಅದೇ ಅಗ್ಗ. ತೂಕದ ಮೇಲೆ ಕೊಳ್ಳುವ ಅನುಕೂಲವಿದ್ದಲ್ಲಿ ಒದ್ದೆ ಮರಳನ್ನು ಟನ್ನಿನ ಲೆಕ್ಕದಲ್ಲಿ ಕೊಳ್ಳುವುದು ಮೇಲು. ಶೇ. 5ರ ತೇವಕ್ಕೆ ಟನ್ನಿಗೆ ಸುಮಾರು 50 ಕಿ.ಗ್ರಾಂ. ನೀರಿಗೆ ಮಾತ್ರ ಹಣ ಕೊಟ್ಟಂತಾಗುತ್ತದೆ. ಜಲ್ಲಿ ಹೀಗೆ ಉಬ್ಬುವುದಿಲ್ಲ. ಅದಕ್ಕೆ ಟ್ರೈಲರಿನ ಅಳತೆ ತೆಗೆದರೆ ಸಾಕು.

ಸಾವಿರದ ದರ, ತುಂಡಿನ ದರ

ಇಟ್ಟಿಗೆಯ ದರವನ್ನು ಸಾವಿರಕ್ಕೆ ಇಷ್ಟು ಎಂದು ಹೇಳುತ್ತಾರೆ. ಆದರೆ ನಮಗೆ ಬೇಕಾದುದು ಇಟ್ಟಿಗೆಯ ಸಂಖ್ಯೆಯಲ್ಲ, ಗೋಡೆ. 23 × 11 × 7 ಸೆಂ.ಮೀ. ಇಟ್ಟಿಗೆ ಸಾವಿರಕ್ಕೆ ರೂ. 7,000, 21 × 10 × 6.5 ಸೆಂ.ಮೀ. ಇಟ್ಟಿಗೆ ರೂ. 6,000 ಇದೆ ಎನ್ನೋಣ. ಪ್ರತಿಯೊಂದು ಅಳತೆಗೆ ಗಾರೆಯ 1 ಸೆಂ.ಮೀ. ಸೇರಿಸಿ ಗುಣಿಸಿದರೆ ದೊಡ್ಡದು 2,304, ಚಿಕ್ಕದು 1,815 ಘನ ಸೆಂ.ಮೀ. ಜಾಗ ಹಿಡಿಯುತ್ತದೆ. ಒಂದು ಘನ ಮೀಟರ್ ಗೋಡೆಗೆ ದೊಡ್ಡವು 434, ಚಿಕ್ಕವು 551 ಬೇಕು. ಬೆಲೆ ಕ್ರಮವಾಗಿ ರೂ. 3,038 ಮತ್ತು ರೂ. 3,306. ಸಾವಿರಕ್ಕೆ ರೂ. 1,000 ಕಡಿಮೆ ಎಂದು ಕೊಂಡ ಇಟ್ಟಿಗೆ ಗೋಡೆಯಾದಾಗ ಘನ ಮೀಟರಿಗೆ ರೂ. 268 ದುಬಾರಿ. ಗಾರೆಯೂ ಹೆಚ್ಚು ಹಿಡಿಯುತ್ತದೆ.

ಕಬ್ಬಿಣದ ಸರಳನ್ನು ತುಂಡಿನ ಲೆಕ್ಕದಲ್ಲಿ ಕೊಳ್ಳುವಾಗ ತೂಕ ನೋಡುವುದು ಅವಶ್ಯ. ಸರಳಿನ ವ್ಯಾಸವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗಳಲ್ಲಿ ಬರುತ್ತದೆ. 8 ಮಿ.ಮೀ. ಸರಳು ಮೀಟರಿಗೆ 0.395 ಕಿ.ಗ್ರಾಂ.; 12 ಮೀಟರಿನ ಒಂದು ಸರಳು 4.74 ಕಿ.ಗ್ರಾಂ. ತೂಗಬೇಕು. 8 ಮತ್ತು 10 ಮಿ.ಮೀ. ಸರಳುಗಳಿಗೆ ಭಾರತೀಯ ಮಾನಕದಲ್ಲಿ ಶೇ. 7ರಷ್ಟು ಹೆಚ್ಚು ಕಡಿಮೆಗೆ ಅವಕಾಶವಿದೆ. ಹೀಗಾಗಿ ಹಗುರವಾದ ಸರಳಿನ ತುಂಡಿನ ದರ ಕಡಿಮೆ ಇದ್ದರೂ ಕಿಲೋ ದರ ಹೆಚ್ಚಾಗಿರಬಹುದು. ತೂಕ ಮಾಡಿಸಿ, ಕಿಲೋ ಲೆಕ್ಕದಲ್ಲೇ ಬಿಲ್ಲು ಪಡೆಯುವುದು ಉತ್ತಮ.

ಒಟ್ಟುಗೂಡಿ ಕೊಳ್ಳುವುದು

ಸಣ್ಣ ರೈತರಿಗೆ ಸಗಟು ದರದ ಲಾಭ ಸಿಗಬೇಕಾದರೆ ಒಟ್ಟುಗೂಡಿ ಕೊಳ್ಳುವುದೇ ಸರಿಯಾದ ಮಾರ್ಗ. ಒಬ್ಬರಿಗೆ 9, ಇನ್ನೊಬ್ಬರಿಗೆ 11 ಚೀಲ ಬೇಕಾಗಿದ್ದರೆ ಬೇರೆ ಬೇರೆಯಾಗಿ ರೂ. 8,000 ಆಗುತ್ತದೆ, ಒಟ್ಟಿಗೆ ಕೊಂಡರೆ ರೂ. 7,400. ಉಳಿದ ರೂ. 600ರ ಜೊತೆಗೆ ಗಾಡಿ ಬಾಡಿಗೆಯೂ ಹಂಚಿಹೋಗುತ್ತದೆ. ಹೆಚ್ಚಿಗೆ ಕೊಂಡು ಕೆಡಿಸುವ ಪ್ರಮೇಯವೂ ಇರುವುದಿಲ್ಲ. ಒಂದೇ ಲೋಡು ಮರಳನ್ನು ಇಬ್ಬರು ಹಂಚಿಕೊಳ್ಳುವುದಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

1. ಅಂಗಡಿಗೆ ಹೋಗುವ ಮೊದಲು ಬೇಕಾದ ಪ್ರಮಾಣವನ್ನು ಬರೆದುಕೊಳ್ಳಿರಿ.
2. ಕನಿಷ್ಠ ಎರಡು ಕಡೆ, ತೆರಿಗೆ ಮತ್ತು ಸಾಗಾಣಿಕೆ ಸೇರಿಸಿ ದರ ಕೇಳಿರಿ.
3. ಪ್ರತಿ ಅಳತೆಗೂ ಏಕಮಾನದ ಬೆಲೆ ತೆಗೆಯಿರಿ; ದೊಡ್ಡದು ಅಗ್ಗವೆಂದು ಊಹಿಸಬೇಡಿರಿ.
4. ಮೆಟ್ಟಿಲು ದರವಿದ್ದಲ್ಲಿ ಸೂತ್ರ ಹಾಕಿ ನೋಡಿರಿ.
5. ಹೆಚ್ಚಿಗೆ ಕೊಳ್ಳುವ ಸಾಮಗ್ರಿಗೆ ಕೆಲಸ ಮತ್ತು ಕಾಲ ಎರಡೂ ಗೊತ್ತಿರಲಿ.
6. ಉಳಿದ ಸಾಮಗ್ರಿಯನ್ನು ವಾಪಸು ತೆಗೆದುಕೊಳ್ಳುವರೇ ಎಂದು ಮೊದಲೇ ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೆ ಬರೆಸಿರಿ.
7. ಲೋಡನ್ನು ಇಳಿಸುವ ಮುನ್ನ ಅಳೆಯಿರಿ. ಇಳಿಸಿದ ಮೇಲೆ ಅಳೆಯುವುದು ಕಷ್ಟ.
8. ತೂಕ, ಅಳತೆಯಲ್ಲಿ ಮೋಸವಾದರೆ ಬಿಲ್ಲಿನೊಂದಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊಲಕ್ಕೆ ಎಷ್ಟು ಬೀಜ, ಎಷ್ಟು ಗೊಬ್ಬರ ಎಂದು ಲೆಕ್ಕ ಹಾಕುವ ರೈತರಿಗೆ ಈ ಲೆಕ್ಕ ಕಷ್ಟವೇನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವಂತೆ, ಕೆಲಸ ಇದ್ದಷ್ಟು ಸಾಮಗ್ರಿ ಕೊಂಡರೆ ಕೊಟ್ಟಿಗೆಯೂ ಏಳುತ್ತದೆ, ಮುಂಗಾರಿನ ಬಿತ್ತನೆಗೆ ಇಟ್ಟ ಹಣವೂ ಕೈಯಲ್ಲಿ ಉಳಿಯುತ್ತದೆ.